ಹೇಮಾ ನೀರಿಗಿಳಿದ ವರ್ಷ

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಪ್ರತಿ ಸಾಮಾನಿಗೂ ಅದರದೇ ಆಕಾರದ ಕಪ್ಪು ಗುರುತು ಇತ್ತು. ಸೌಟಿನ ಮೊಳೆಯ ಹಿಂದೆ ಸೌಟಿನ ಆಕಾರ, ಜಾಲರಿಯ ಹಿಂದೆ ಜಾಲರಿಯ ಆಕಾರ, ಹಾಗೇ ಲಟ್ಟಣಿಗೆ, ಇಕ್ಕಳ, ಕತ್ತರಿ. ಅಪ್ಪ ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದರು. ಅಲ್ಲಿ ಉಪಕರಣಗಳನ್ನು ಹೀಗೇ ನೇತುಹಾಕುತ್ತಾರೆ. ಸಂಜೆ ಒಂದು ಗುರುತು ಖಾಲಿ ಕಂಡರೆ ಸ್ಪ್ಯಾನರು ವಿಮಾನದೊಳಗೇ ಉಳಿದಿರಬಹುದು, ಅದು ಸಿಗುವ ತನಕ ಯಾರೂ ಮನೆಗೆ ಹೋಗುವಂತಿಲ್ಲ. ಅಪ್ಪ ಆ ಪದ್ಧತಿಯನ್ನು ಹಲಸೂರಿನ ನಮ್ಮ ಮನೆಗೆ ತಂದರು. ಹಜಾರದ ಬಾಗಿಲ ಪಕ್ಕ ಚಪ್ಪಲಿಗಳಿಗೆ ಐದು ಜೊತೆ ಗುರುತು ಬರೆದರು. ಆರಕ್ಕೆ ಏಳುವುದು, ಆರೂಕಾಲಿಗೆ ಸ್ನಾನ, ರಾತ್ರಿ ಏಳೂವರೆಗೆ ಮುದ್ದೆ. ಅಮ್ಮ ಮೊದಲು ನಕ್ಕಳಂತೆ, ಆಮೇಲೆ ಕತ್ತಲಲ್ಲೂ ಸೌಟು ಕೈಗೆ ಸಿಗುತ್ತದೆಂದು ಒಪ್ಪಿಕೊಂಡಳಂತೆ. ಹಿರಿಯ ಮಗಳಾದ ನನಗಂತೂ ಈ ಪದ್ಧತಿ ಅನ್ನ ನೀರಿನಷ್ಟೇ ಸಹಜವಾಗಿತ್ತು. ಇವತ್ತಿಗೂ ಬೇರೆಯವರ ಮನೆಯಲ್ಲಿ ಚಪ್ಪಲಿ ಓರೆಯಾಗಿ ಬಿದ್ದಿದ್ದರೆ ಕಾಲಿನಲ್ಲೇ ಸರಿಮಾಡಿ ಒಳಗೆ ಹೋಗುತ್ತೇನೆ.

ಈ ಕ್ರಮಕ್ಕೆ ಬಗ್ಗದವರು ನಮ್ಮ ತಾತ ಒಬ್ಬರೇ. ಮನೆಯ ಸುತ್ತ ಬಾಡಿಗೆಗೆ ಕೊಟ್ಟಿದ್ದ ಐದು ಸಣ್ಣ ಮನೆಗಳ ಜಾಗದಲ್ಲಿ ಹಿಂದೆ ಅವರ ಹೂವಿನ ತೋಟವಿತ್ತು. ತೋಟ ಹೋಗಿ ವರ್ಷಗಳಾದರೂ ತಾತ ತೋಟದಲ್ಲಿದ್ದ ಹಾಗೇ ಇದ್ದರು. ಹಸಿವಾದಾಗ ಊಟ, ಬೇಸರವಾದಾಗ ನಿದ್ದೆ. ಅವರ ಚಪ್ಪಲಿ ಒಂದು ತೊಟ್ಟಿಯ ಬಳಿ, ಇನ್ನೊಂದು ಎಲ್ಲೋ. ಅಪ್ಪ ಮಾತಾಡದೆ ಎರಡನ್ನೂ ಹುಡುಕಿ ತಂದು ಗುರುತಿನ ಮೇಲೆ ಇಡುತ್ತಿದ್ದರು.

ನನ್ನ ತಂಗಿ ಹೇಮಾಳಿಗೆ ಆಗ ಒಂಬತ್ತು, ನನಗೆ ಹದಿನಾಲ್ಕು. ಅವಳಿಗೆ ಆಟಿಸಂ ಇದೆ ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿದಾಗ ಅಪ್ಪ ಆ ಪದವನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದರು. ನಮ್ಮ ಬೀದಿಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಮಾತು ತಡ, ಬರುತ್ತೆ ಬಿಡಿ ಎಂದವರೇ ಹೆಚ್ಚು. ಹೇಮಾಳಿಗೆ ಮಾತು ಇತ್ತು, ಆದರೆ ಅದು ನಮ್ಮ ಮಾತೇ ಆಗಿರುತ್ತಿತ್ತು. ಹಾಲು ಬೇಕಾ ಎಂದರೆ "ಹಾಲು ಬೇಕಾ" ಎನ್ನುವಳು, ಬೇಕು ಎಂದು ಅದರ ಅರ್ಥ. ಬೇಡವಾದರೆ ಸುಮ್ಮನಿರುವಳು. ಯಾರ ಮುಖವನ್ನೂ ನೇರ ನೋಡುತ್ತಿರಲಿಲ್ಲ. ಕುಕ್ಕರಿನ ಕೂಗಿಗೆ, ಬೀದಿಯ ಲೌಡ್‌ಸ್ಪೀಕರಿಗೆ ಎರಡೂ ಕಿವಿ ಮುಚ್ಚಿ ಗೋಡೆಗೆ ಮುಖ ಮಾಡುವಳು. ಆದರೆ ಅಪ್ಪನ ಪದ್ಧತಿಯನ್ನು ಅವಳಷ್ಟು ಪ್ರೀತಿಸಿದವರು ಬೇರೆ ಯಾರೂ ಇಲ್ಲ. ಸಂಜೆ ಆರಕ್ಕೆ ಅಡುಗೆಮನೆಗೆ ಬಂದು ಗೋಡೆ ನೋಡುವಳು. ಯಾವುದಾದರೂ ಗುರುತು ಖಾಲಿ ಇದ್ದರೆ ಆ ಸಾಮಾನನ್ನು ಎಲ್ಲಿದ್ದರೂ ಹುಡುಕಿ ತಂದು ನೇತುಹಾಕಿ, ಅಂಗೈಯಿಂದ ಒಮ್ಮೆ ತಟ್ಟಿ ಹೋಗುವಳು. ಬಸ್ಸಾರು ಕುದಿಯುತ್ತಿರುವಾಗ ಅಮ್ಮನ ಕೈಯಿಂದಲೇ ಸೌಟು ಕಿತ್ತುಕೊಂಡದ್ದೂ ಉಂಟು.

ಒಂದು ಮಧ್ಯಾಹ್ನ ಅವಳು ಮನೆಯಲ್ಲಿ ಇರಲಿಲ್ಲ. ನಾನು ಶಾಲೆಯಿಂದ ಬರುವ ಹೊತ್ತಿಗೆ ಅಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದಳು. ಕೊನೆಗೆ ಕೆರೆಯ ಬಳಿ ಕಡಲೆಕಾಯಿ ಹುರಿದು ಮಾರುವ ಹೆಂಗಸು ಅವಳನ್ನು ರಟ್ಟೆ ಹಿಡಿದು ಕರೆತಂದಳು. ಇಬ್ಬರೂ ಎದೆಯ ತನಕ ನೆನೆದಿದ್ದರು. ಹೇಮಾಳ ಲಂಗಕ್ಕೆ ಜೊಂಡು ಅಂಟಿಕೊಂಡಿತ್ತು.

"ನೀರಲ್ಲಿ ಹೋಗ್ತಾನೇ ಇತ್ತು ಕಣಮ್ಮಾ ಈ ಪಾಪ," ಎಂದಳು ಆ ಹೆಂಗಸು. "ಕೂಗಿದ್ರೆ ತಿರುಗಿ ನೋಡಲ್ಲ. ಇನ್ನು ನಾಲ್ಕು ಹೆಜ್ಜೆ ಹೋಗಿದ್ರೆ ನನಗೂ ಕಾಲು ನಿಲ್ತಿರಲಿಲ್ಲ."

ಅಮ್ಮ ಆ ಹೆಂಗಸಿನ ಕೈ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮಾರನೆಯ ದಿನ ಅಪ್ಪ ಅರ್ಧ ದಿನ ರಜೆ ಹಾಕಿ ಮುಂಬಾಗಿಲಿನ ಒಳಬದಿ, ಹೇಮಾಳಿಗೆ ಎಟುಕದಷ್ಟು ಮೇಲೆ ಚಿಲಕ ಹಾಕಿಸಿದರು, ಅದಕ್ಕೊಂದು ಬೀಗ. ಬೀಗದ ಕೈಗೆ ಅಡುಗೆಮನೆಯ ಗೋಡೆಯಲ್ಲಿ ಮೊಳೆ ಹೊಡೆದು ಅದರ ಆಕಾರವನ್ನೂ ಬರೆದರು. ಯಾರೇ ಹೋಗಲಿ ಬರಲಿ, ಬೀಗ ಹಾಕಿ ಕೈಯನ್ನು ಅಲ್ಲೇ ತೂಗುಹಾಕಬೇಕು. ಮಧ್ಯಾಹ್ನದ ಹೊತ್ತು ಹೇಮಾ ಬಾಗಿಲಿಗೆ ಹಣೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನಮಗೆ ಸುಲಭವಾಗುತ್ತಿತ್ತೇನೋ. ಒಂದು ಸಂಜೆ ತಾತ ಎಲ್ಲಿಂದಲೋ ಬಂದು ಬೀಗದ ಕೈಯನ್ನು ಮೇಜಿನ ಮೇಲೆ ಬಿಸಾಕಿ ಹೋದರು. ಆರಕ್ಕೆ ಸರಿಯಾಗಿ ಹೇಮಾ ಬಂದಳು, ಗೋಡೆ ನೋಡಿದಳು, ಮೇಜಿನಿಂದ ಬೀಗದ ಕೈ ತೆಗೆದುಕೊಂಡು ಅದರ ಗುರುತಿಗೆ ಹೊಂದಿಸಿ ನೇತುಹಾಕಿ ಅಂಗೈಯಿಂದ ತಟ್ಟಿದಳು. ತನ್ನನ್ನು ಕೂಡಿಹಾಕುವ ಬೀಗದ ಕೈಯನ್ನು ತಾನೇ ಜೋಪಾನ ಮಾಡಿದಳು. ಅಮ್ಮ ಸೊಪ್ಪು ಸೋಸುತ್ತಿದ್ದವಳು ಎದ್ದು ನಿಂತಳು.

"ರೀ, ಇದು ನನ್ನ ಕೈಲಿ ನೋಡಕ್ಕಾಗಲ್ಲ."

"ಮತ್ತೇನು ಮಾಡೋಣ ಹೇಳು. ಕೆರೆ ಮುಚ್ಚಿಸೋಕಾಗುತ್ತಾ?" ಎಂದರು ಅಪ್ಪ.

"ಅವಳಿಗೆ ಈಜು ಕಲಿಸಿ. ಈಜು ಬಂದ ದಿನ ಈ ಬೀಗ ತೆಗೀಬೇಕು. ಮಾತು ಕೊಡಿ."

ಅಪ್ಪ ಸುಲಭಕ್ಕೆ ಮಾತು ಕೊಡುವವರಲ್ಲ. ಊಟ ಮುಗಿಸಿ, ಕೈ ತೊಳೆದು, ಒರೆಸಿಕೊಂಡು, ಆಮೇಲೆ "ಆಯ್ತು" ಎಂದರು.

ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಈಜುಕೊಳವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಸೆಲ್ವ ಮಾಸ್ಟರು. ಕುಳ್ಳಗೆ, ಕಪ್ಪಗೆ, ಹೆಗಲ ಮೇಲೆ ಸದಾ ಟವಲು. ತಮಿಳು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. ಅಪ್ಪ ಚೀಟಿಯಲ್ಲಿದ್ದ ಪದವನ್ನು ಓದಿ ವಿವರಿಸಿದಾಗ ಮಾಸ್ಟರು ಕಿವಿ ಕೆರೆದುಕೊಂಡರು.

"ಹೆಸರು ಏನಾದ್ರೂ ಇರ್ಲಿ ಸಾರ್. ನೀರಿಗೆ ಹೆದರುತ್ತಾ?"

"ಇಲ್ಲ. ಅದೇ ತೊಂದರೆ."

"ಹಾಗಾದ್ರೆ ಅರ್ಧ ಕೆಲಸ ಆಗಿದೆ. ಬೆಳಿಗ್ಗೆ ಆರಕ್ಕೆ ಕರ್ಕೊಂಡ್ಬನ್ನಿ, ಬೇರೆ ಬ್ಯಾಚ್ ಬರೋಕೆ ಮುಂಚೆ."

ಮಾಸ್ಟರು ಬಿಟ್ಟುಕೊಟ್ಟದ್ದು ಕೊಳ ಮಾತ್ರ, ಕಲಿಸುವವರು ಮನೆಯವರೇ ಆಗಬೇಕಿತ್ತು. ಅಪ್ಪನಿಗೆ ಕಾರ್ಖಾನೆಯ ಬಸ್ಸು ಆರೂವರೆಗೆ. ಆದ್ದರಿಂದ ಕಲಿಸುವ ಹೊಣೆ ನನಗೆ ಬಂತು, ಕಾವಲಿಗೆ ತಾತ. ನನಗೆ ಈಜು ಬರುತ್ತಿರಲಿಲ್ಲ ಎನ್ನುವುದು ಯಾರಿಗೂ ಅಡ್ಡಿಯೆನಿಸಲಿಲ್ಲ, ನನಗೂ ಅನಿಸಲಿಲ್ಲ. ಶಾಲೆಯ ಲೈಬ್ರರಿಯಿಂದ ಪುಸ್ತಕ ತಂದು ಒಂದು ನೋಟ್‌ಬುಕ್ಕಿನಲ್ಲಿ ಪಾಠ ಬರೆದೆ. ಮೊದಲ ವಾರ ಉಸಿರು, ಎರಡನೆಯ ವಾರ ಕಾಲು, ಮೂರನೆಯ ವಾರ ಕೈ. ಅಪ್ಪ ಅದನ್ನು ಓದಿ ಕೆಳಗೆ ಸಹಿ ಹಾಕಿದರು. ತಮ್ಮ ಪಾಲಿಗೂ ಒಂದು ಕೆಲಸ ಮಾಡಿದರು. ಹೇಮಾ ಕೊಳದ ಸುತ್ತ ಓಡಾಡದೆ ಒಂದು ಕಡೆ ನಿಲ್ಲಬೇಕು, ಅಲ್ಲಿಂದ ನೀರಿಗೆ ಇಳಿಯಬೇಕು ಎಂದು, ಅವಳ ಪಾದಗಳನ್ನು ಪೇಪರಿನ ಮೇಲೆ ಇಟ್ಟು ಆಕಾರ ಕತ್ತರಿಸಿ, ಮೊದಲ ದಿನ ನಮಗಿಂತ ಮುಂಚೆಯೇ ಹೋಗಿ ಮೆಟ್ಟಿಲ ಪಕ್ಕದ ಅಂಚಿನ ಮೇಲೆ ಸುಣ್ಣದಲ್ಲಿ ಎರಡು ಪಾದ ಬರೆದು ಬಸ್ಸು ಹಿಡಿದರು.

ಹೇಮಾ ಸುಣ್ಣದ ಪಾದ ನೋಡಿದಳು. ಅವಳ ಮುಖ ಅರಳಿತು. ನೇರ ಹೋಗಿ ಅದರ ಮೇಲೆ ಹೆಬ್ಬೆರಳಿಗೆ ಹೆಬ್ಬೆರಳು ಹೊಂದಿಸಿ ನಿಂತಳು. ನಾನು ನೋಟ್‌ಬುಕ್ ತೆರೆದು "ಇಳಿ" ಎಂದೆ. ಅವಳು "ಇಳಿ" ಎಂದಳು, ನಿಂತೇ ಇದ್ದಳು. ಕೈ ಹಿಡಿದು ಎಳೆದೆ, ಕೊಸರಿಕೊಂಡು ಮತ್ತೆ ಪಾದದ ಮೇಲೆ ನಿಂತಳು. ಆ ದಿನ ಮುಕ್ಕಾಲು ಗಂಟೆ ನಿಂತಳು. ಮಾರನೆಯ ದಿನವೂ, ಅದರ ಮಾರನೆಯ ದಿನವೂ. ಕೆರೆಯಲ್ಲಿ ಎದೆಯ ತನಕ ಹೋದ ಹುಡುಗಿ, ಒಂದಡಿ ಕೆಳಗಿದ್ದ ನೀಲಿ ನೀರಿಗೆ ಇಳಿಯದೆ ಕಾವಲುಗಾರನ ಹಾಗೆ ನಿಂತಳು. ನಾನು ಅತ್ತೆ. ನೋಟ್‌ಬುಕ್ಕಿನಲ್ಲಿ ಮೊದಲ ವಾರ ಖಾಲಿಯೇ ಉಳಿಯುವುದು ನನಗೆ ಅವಮಾನವಾಗಿತ್ತು. ನಾಲ್ಕನೆಯ ದಿನ, ಬೀಡಿ ಸೇದುತ್ತ ದೂರ ಕುಳಿತಿದ್ದ ತಾತ ಎದ್ದು ಬಂದರು.

"ನಿಮ್ಮಪ್ಪಂಗೆ ಬುದ್ಧಿ ಎಲ್ಲಿಗೆ ಹೋಯ್ತು? ನಮ್ಮನೇಲಿ ಗುರುತು ಹಾಕೋದು ಯಾತಕ್ಕೆ?"

"ಸಾಮಾನು ಅಲ್ಲೇ ಇರ್ಲಿ ಅಂತ."

"ಮತ್ತೆ? ಅವಳು ಇದಾಳಲ್ಲ ಅಲ್ಲೇ. ಪಾಪ, ಇದಕ್ಕಿಂತ ಇನ್ನೆಷ್ಟು ಸರಿಯಾಗಿರ್ಬೇಕು ಅವಳು?"

ಒಂದು ಬಕೆಟ್ ನೀರು ತಂದು ತಾತ ಸುಣ್ಣದ ಪಾದಗಳನ್ನು ತೊಳೆದುಬಿಟ್ಟರು. ಹೇಮಾ ಕಿವಿ ಮುಚ್ಚಿಕೊಂಡು ಕಿರುಚಿದಳು. ಕೊಳದ ತಗಡಿನ ಮಾಡು ನಡುಗಿತು. ತಾತ ಸಮಾಧಾನ ಮಾಡಲಿಲ್ಲ. ಅಂಗಿ ಬಿಚ್ಚಿ, ಪಂಚೆ ಬಿಚ್ಚಿ, ಒಳಗೆ ಹಾಕಿದ್ದ ಪಟ್ಟಾಪಟ್ಟಿ ಚಡ್ಡಿಯಲ್ಲಿ ಮೆಟ್ಟಿಲಿಳಿದು ಸೊಂಟದ ತನಕ ನೀರಿನಲ್ಲಿ ಕುಳಿತರು. ಅವಳನ್ನು ಕರೆಯಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಬೊಗಸೆಯಲ್ಲಿ ನೀರು ತೆಗೆದು ತಮ್ಮ ಬೋಳು ತಲೆಯ ಮೇಲೆ ಸುರಿದುಕೊಳ್ಳುತ್ತ ಕುಳಿತರು. ಕಿರುಚಾಟ ನಿಂತಿತು. ನಿಲ್ಲುವ ಜಾಗ ಇಲ್ಲವಾಗಿದ್ದ ಹೇಮಾ ಅಂಚಿನಲ್ಲಿ ಕುಕ್ಕರಿಸಿದಳು, ಕಾಲು ಇಳಿಬಿಟ್ಟಳು, ಆಮೇಲೆ ಜಾರಿ ತಾತನ ಪಕ್ಕ ಕುಳಿತು ತಾನೂ ತಲೆಯ ಮೇಲೆ ನೀರು ಸುರಿದುಕೊಂಡಳು. ಸೆಲ್ವ ಮಾಸ್ಟರು ಬಂದು ನೋಡಿದರು.

"ಯಜಮಾನ್ರೇ, ಈ ಚಡ್ಡಿ ಇಲ್ಲಿ ಅಲೋ ಇಲ್ಲ."

"ಚಡ್ಡಿ ನಾಳೆ ಬದಲಾಯಿಸ್ತೀನಿ ಕಣಪ್ಪ. ಮೊಮ್ಮಗಳು ಇವತ್ತು ಇಳಿದವ್ಳೆ."

ಮಾಸ್ಟರು ಟವಲನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ತಾತ ಆಗ ನನ್ನ ಕಡೆ ತಿರುಗಿದರು.

"ನೀನ್ಯಾಕೆ ಪುಸ್ತಕ ಹಿಡ್ಕೊಂಡು ಮೇಲೆ ನಿಂತಿದ್ದೀಯ? ನೀರು ಅವಳಿಗೆ ಹೊಸದಲ್ಲ. ನಿನಗೇ ಹೊಸದು. ಇಳಿ."

ಹೀಗೆ ನಾನು ಇಳಿದೆ, ಕಲಿಸಲು ಹೋದವಳು ಕಲಿಯುವವಳಾದೆ. ನನ್ನ ಮೈ ಕಬ್ಬಿಣದ ಹಾಗೆ ಮುಳುಗುತ್ತಿತ್ತು. ಒಂದು ಬೆಳಿಗ್ಗೆ ತಾತ ಒಣಗಿದ ದೊಡ್ಡ ಸೋರೆಬುರುಡೆಯನ್ನು ಟವಲಿನಲ್ಲಿ ಸುತ್ತಿಕೊಂಡು ತಂದರು. ತೋಟದ ಕಾಲದಲ್ಲಿ ಬಾವಿಗೆ ಇಳಿಯುವ ಮಕ್ಕಳ ಬೆನ್ನಿಗೆ ಅದನ್ನೇ ಕಟ್ಟುತ್ತಿದ್ದರಂತೆ, ಟೊಳ್ಳು ಬುರುಡೆ ಮೈಯನ್ನು ಮೇಲೆ ಹಿಡಿಯುತ್ತದೆ. ಮಾಸ್ಟರು ಅದನ್ನು ಬೆರಳಿನಿಂದ ಕುಟ್ಟಿ ನೋಡಿ, "ಇದೇನ್ ಯಜಮಾನ್ರೇ, ಸಾಂಬಾರ್ ಇಲ್ಲೇ ಮಾಡ್ತೀರಾ?" ಎಂದರು. ತಾತ ಅದನ್ನು ಕಟ್ಟಿದ್ದು ಹೇಮಾಳಿಗಲ್ಲ, ನನಗೆ. ಹೇಮಾಳಿಗೆ ಬೇಕಿರಲಿಲ್ಲ. ಅವಳು ಆಗಲೇ ಅಂಗಾತ ಮಲಗಿ ತೇಲುವುದನ್ನು ತಾನಾಗಿ ಕಂಡುಕೊಂಡಿದ್ದಳು. ಕಿವಿ ಎರಡೂ ನೀರಿನೊಳಗೆ, ಮುಖ ಮಾತ್ರ ಮೇಲೆ. ಮುಚ್ಚಿಕೊಳ್ಳಲು ಕೈ ಬೇಕಿಲ್ಲದ ಮೌನ ಅವಳಿಗೆ ಅಲ್ಲಿ ಸಿಕ್ಕಿತು ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ಅಂಥ ಎಷ್ಟೋ ಮಕ್ಕಳಿಗೆ ಕೊಳದಲ್ಲಿ ಪಾಠ ಹೇಳತೊಡಗಿದ ಮೇಲೆ. ಆಗ ನನಗೆ ಕಂಡದ್ದು ಇಷ್ಟೇ: ಮನೆಯಲ್ಲಿ ಸದಾ ಬಿಗಿ ಹಿಡಿದಿರುತ್ತಿದ್ದ ಅವಳ ಬೆರಳುಗಳು ನೀರಿನಲ್ಲಿ ಬಿಚ್ಚಿಕೊಂಡಿದ್ದವು. ನಾನು ಬುರುಡೆಯ ಜೊತೆ ಮಗುಚಿಕೊಂಡು ಮೂಗಿಗೆ ನೀರು ಏರಿಸಿಕೊಂಡಾಗ ಅವಳು ಗಟ್ಟಿಯಾಗಿ ನಕ್ಕಳು. ತಾತನೂ ನಕ್ಕರು. ಇಬ್ಬರ ಮೇಲೂ ನನಗೆ ಸಿಟ್ಟು ಬಂತು. ಮನೆಗೆ ಹೋಗಿ ಅಮ್ಮನಿಗೆ ದೂರು ಹೇಳಿದರೆ ಅವಳು ದೂರು ಕೇಳಲೇ ಇಲ್ಲ. "ನಕ್ಕಳಾ? ಹೆಂಗೆ ನಕ್ಕಳು, ತೋರ್ಸು," ಎಂದಳು.

ಆ ತಿಂಗಳುಗಳಲ್ಲಿ ನಮ್ಮ ಬೆಳಗಿನ ಕ್ರಮವೇ ಬದಲಾಯಿತು. ಐದಕ್ಕೆ ಅಮ್ಮ ಒಲೆ ಹಚ್ಚಿ ರಾಗಿ ಗಂಜಿಗೆ ಬೆಲ್ಲ ಹಾಕುವಳು. ಒದ್ದೆ ಬಟ್ಟೆಗೆಂದು ಅಪ್ಪ ಹಿತ್ತಲಲ್ಲಿ ಮೂರು ತಂತಿ ಕಟ್ಟಿದರು, ಒಂದೊಂದು ನಮ್ಮೊಬ್ಬೊಬ್ಬರಿಗೆ. ತಾತ ತಮ್ಮ ಚಡ್ಡಿಯನ್ನು ನನ್ನ ತಂತಿಗೆ ಹಾಕುವರು, ಹೇಮಾ ಅದನ್ನು ಅವರ ತಂತಿಗೆ ವರ್ಗಾಯಿಸುವಳು. ಏಳು ಗಂಟೆಯ ಬ್ಯಾಚಿನ ಒಬ್ಬ ತಾಯಿ ಒಮ್ಮೆ ಮಾಸ್ಟರಿಗೆ, ಆ ಹುಡುಗಿ ಕೂಗಿದರೆ ನನ್ನ ಮಗ ಹೆದರುತ್ತಾನೆ ಎಂದಳು. ಮಾಸ್ಟರು, "ಏಳು ಗಂಟೇಲಿ ನಿಮ್ಮ ಮಗ ಕೂಗೋದು ಕೇಳಿದ್ರೆ ನಾನೇ ಹೆದರ್ತೀನಮ್ಮಾ," ಎಂದು ಮುಗಿಸಿದರು. ಹೇಮಾಳ ಈಜಿನಲ್ಲಿ ನನ್ನ ಪುಸ್ತಕದ ಯಾವ ಶೈಲಿಯೂ ಇರಲಿಲ್ಲ. ಸ್ವಲ್ಪ ದೂರ ಅಂಗಾತ, ಸ್ವಲ್ಪ ದೂರ ಕವುಚಿ ನಾಯಿಮರಿಯ ಹಾಗೆ, ದಣಿದರೆ ಮತ್ತೆ ಅಂಗಾತ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಈ ತುದಿಯಿಂದ ಆ ತುದಿಗೆ ಹೋಗಿ ಗೋಡೆ ತಟ್ಟಿ ವಾಪಸು ಬಂದಳು. ಒಂದು ರಜೆಯ ದಿನ ಅಪ್ಪ ಬಂದು ಅಂಚಿನಲ್ಲಿ ನಿಂತು ನೋಡಿದರು. ಅವಳು ಮೂರು ಸಲ ಹೋಗಿ ಬಂದಳು.

"ಸ್ಟೈಲ್ ಇಲ್ಲ ಸಾರ್. ಆದ್ರೆ ಮುಳುಗಲ್ಲ," ಎಂದರು ಮಾಸ್ಟರು.

"ಕೆರೇಲಿ?"

ಮಾಸ್ಟರು ಸುಳ್ಳು ಹೇಳುವವರಲ್ಲ. "ಕೆರೆ ಬೇರೆ ಸಾರ್. ಅಲ್ಲಿ ಕೆಸರು, ಜೊಂಡು. ನಾನೇ ಇಳಿಯಲ್ಲ."

ಆ ದಿನದ ಊಟದಷ್ಟು ಕೆಟ್ಟ ಊಟ ನಮ್ಮ ಮನೆಯಲ್ಲಿ ನನಗೆ ನೆನಪಿಲ್ಲ. ಅಮ್ಮ ಅಪ್ಪನ ತಟ್ಟೆಗೆ ಮುದ್ದೆ ಹಾಕಿ ಸಾರು ಬಡಿಸದೆ ನಿಂತಳು.

"ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ಮಾಸ್ಟರು ಏನಂದ್ರು ಹೇಳಿದ್ನಲ್ಲ."

"ಹಂಗಾದ್ರೆ ಬೀದೀಲಿ ಬಸ್ಸು ಓಡಲ್ವೇನೋ?" ಎಂದರು ತಾತ. "ನಿನ್ನ ದೊಡ್ಡ ಮಗಳಿಗೂ ಒಂದು ಬೀಗ ಹಾಕು."

"ಅಪ್ಪಾ, ನೀವು ಸುಮ್ನಿರಿ." ಅಪ್ಪ ತಟ್ಟೆ ಸರಿಸಿದರು. ಅವರ ದನಿ ಏರಲಿಲ್ಲ, ಇಳಿಯಿತು. "ನಾನು ಇಪ್ಪತ್ತು ವರ್ಷದಿಂದ ಸಹಿ ಹಾಕ್ತಿದ್ದೀನಿ. ನಾನು ಸಹಿ ಹಾಕಿದ ಮೇಲೇನೇ ವಿಮಾನ ಮೇಲೆ ಹಾರೋದು. ಪರೀಕ್ಷೆ ಮಾಡ್ದೆ ಒಂದು ನಟ್ಟಿಗೂ ನಾನು ಸಹಿ ಹಾಕಿಲ್ಲ. ಇವಳಿಗೆ ಹೆಂಗೆ ಹಾಕ್ಲಿ?"

ಅಪ್ಪನಿಗೆ ಇಷ್ಟು ದಿನ ಇದ್ದದ್ದು ಹಟವಲ್ಲ, ಹೆದರಿಕೆ ಎಂದು ನಾನು ತಿಳಿದದ್ದು ಆಗ. ಅಮ್ಮನಿಗೂ ಅದು ತಿಳಿದಿರಬೇಕು. ಸಾರು ಬಡಿಸಿದಳು.

"ಹಾಗಾದ್ರೆ ಪರೀಕ್ಷೆ ಮಾಡಿ," ಎಂದಳು.

ಪರೀಕ್ಷೆಯ ನಿಯಮಗಳನ್ನು ಅಪ್ಪನೇ ಗೊತ್ತುಮಾಡಿದರು. ಮಾರನೆಯ ದಿನ, ಭಾನುವಾರ ಸಂಜೆ, ಐದಕ್ಕೆ ಬಾಗಿಲು ತೆರೆಯುವುದು. ಹೇಮಾ ಎಲ್ಲಿಗೆ ಬೇಕಾದರೂ ಹೋಗಲಿ. ನಾನು ಇಪ್ಪತ್ತು ಹೆಜ್ಜೆ ಹಿಂದೆ ಇರಬೇಕು. ಕರೆಯಬಾರದು, ಹಿಡಿಯಬಾರದು. ರಸ್ತೆಯಲ್ಲಿ ವಾಹನ ಮೈಮೇಲೆ ಬಂದರೆ ಮಾತ್ರ ಓಡಬಹುದು. ಅವಳು ಕೆರೆಯ ನೀರಿಗೆ ಇಳಿದರೆ ಎಳೆದುಕೊಂಡು ಬರಬೇಕು, ಬೀಗ ಇದ್ದಲ್ಲಿಯೇ ಇರುತ್ತದೆ, ಆಮೇಲೆ ಯಾರೂ ಆ ಮಾತು ಎತ್ತುವಂತಿಲ್ಲ. ನನಗೆ ಈಗ ಈಜು ಬರುತ್ತಿತ್ತಾದ್ದರಿಂದ ಈ ಕೆಲಸ ನನ್ನದಾಯಿತು.

ಐದಕ್ಕೆ ಅಪ್ಪ ಬೀಗ ತೆಗೆದರು. ಹೇಮಾ ತನ್ನ ಚಪ್ಪಲಿ ಹಾಕಿಕೊಂಡು ಹೊರಟಳು. ಒಮ್ಮೆಯೂ ಅತ್ತಿತ್ತ ನೋಡದೆ ಮಾರ್ಕೆಟ್ಟಿನ ಬೀದಿ ಹಾದಳು, ಹೂವಿನ ಅಂಗಡಿ ಹಾದಳು, ಸೈಕಲ್ ಅಂಗಡಿಯ ಎದುರು ನಿಂತು ತಲೆಕೆಳಗಾಗಿದ್ದ ಒಂದು ಚಕ್ರವನ್ನು ತಿರುಗಿಸಿ ಮುಂದೆ ಹೋದಳು. ಎಲ್ಲಿಗೆ ಎಂದು ನನಗೆ ಗೊತ್ತಿತ್ತು. ಇಪ್ಪತ್ತು ಹೆಜ್ಜೆ ಎಷ್ಟು ದೂರವೆಂದು ನಾನು ಅವತ್ತು ಕಲಿತೆ. ಒಂದು ಮಗುವಿನ ಜಡೆಯ ತುದಿ ಜನರ ನಡುವೆ ಕಾಣಿಸಿ, ಕಾಣಿಸದೆ ಹೋಗುವಷ್ಟು ದೂರ. ಕೆರೆ ಬಂತು. ಬೇಲಿ ಮುರಿದ ಜಾಗ ಅವಳಿಗೆ ನೆನಪಿತ್ತು, ಅದರೊಳಗೆ ನುಸುಳಿದಳು. ನಾನೂ ನುಸುಳಿದೆ. ಏರಿಯ ಇಳಿಜಾರಿನಲ್ಲಿ ಅವಳು ಇಳಿಯುತ್ತಲೇ ಹೋದಳು. ನನ್ನ ಬಾಯಿಗೆ ಅವಳ ಹೆಸರು ಬಂತು, ಹಲ್ಲು ಕಚ್ಚಿ ತಡೆದೆ. ನೀರಿಗೆ ಒಂದು ಹೆಜ್ಜೆ ಇರುವಾಗ ಚಪ್ಪಲಿ ಬಿಟ್ಟಳು. ಎರಡನ್ನೂ ಜೋಡಿಸಿ ಇಟ್ಟಳು. ನಿಂತಳು.

ಆಮೇಲೆ ತಿರುಗಿ ನನ್ನ ಮುಖ ನೋಡಿದಳು.

ನಾನು ಹಿಂದೆ ಇದ್ದೇನೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತೋ ಏನೋ. ಒಂಬತ್ತು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ಆ ಕಣ್ಣುಗಳ ಬಣ್ಣ ಅಷ್ಟು ತಿಳಿ ಎಂದು ಅಕ್ಕನಾದ ನನಗೆ ಗೊತ್ತಿರಲಿಲ್ಲ. ಅವಳು ಕಾಯುತ್ತಿದ್ದಳು. ಹೇಳಬೇಕಾದವಳು ನಾನೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಿಯಮ ನೆನಪಾಯಿತು. ನಾನು ಬಾಯಿ ತೆರೆದರೆ ಪರೀಕ್ಷೆ ಕೆಟ್ಟಿತು, ತೆರೆಯದಿದ್ದರೆ ಅವಳು ಕೇಳಿದ್ದು ವ್ಯರ್ಥವಾಯಿತು. ಹದಿನಾಲ್ಕು ವರ್ಷದಲ್ಲಿ ಅಪ್ಪನ ಒಂದು ನಿಯಮವನ್ನೂ ನಾನು ಮುರಿದಿರಲಿಲ್ಲ.

"ಬೇಡ ಹೇಮಾ," ಎಂದೆ. "ಇಲ್ಲಿ ಬೇಡ. ಬೆಳಿಗ್ಗೆ ಕೊಳಕ್ಕೆ ಹೋಗೋಣ."

"ಬೆಳಿಗ್ಗೆ ಕೊಳಕ್ಕೆ ಹೋಗೋಣ," ಎಂದಳು. ಇನ್ನೂ ಸ್ವಲ್ಪ ಹೊತ್ತು ನೀರು ನೋಡಿದಳು. ಚಪ್ಪಲಿ ಹಾಕಿಕೊಂಡು ಏರಿ ಹತ್ತಿದಳು. ಈ ಸಲ ನಾನು ಹಿಂದೆ ಉಳಿಯಲಿಲ್ಲ.

ಅಪ್ಪ ಮನೆಯ ಮುಂದಿನ ಮೆಟ್ಟಿಲ ಮೇಲೆ ನಿಂತಿದ್ದರು. ಹೇಮಾ ಅವರ ಪಕ್ಕದಿಂದ ಒಳಗೆ ಹೋದಳು. ನಾನು ಹೋಗುವಂತಿರಲಿಲ್ಲ, ಅವರು ನನಗಾಗಿ ಕಾಯುತ್ತಿದ್ದರು.

"ನೀರಿಗೆ ಇಳಿದ್ಲಾ?"

"ಇಲ್ಲ."

"ನೀನು ಕರೆದ್ಯಾ?"

"ಕರೀಲಿಲ್ಲಪ್ಪ. ಅವಳು ಕೇಳಿದ್ಲು. ನಾನು ಬೇಡ ಅಂದೆ."

"ಕೇಳಿದ್ಲಾ? ಏನಂತ?"

"ಬಾಯಲ್ಲಲ್ಲ. ನೀರಿನ ಹತ್ರ ನಿಂತು, ತಿರುಗಿ ನನ್ನ ಮುಖ ನೋಡಿದ್ಲು. ನಾನು ಹೇಳೋ ತನಕ ಹಾಗೇ ನಿಂತಿದ್ಲು."

ಒಳಗಿನಿಂದ ಅಮ್ಮ ಎರಡು ಸಲ ಕರೆದಳು. ಅಪ್ಪ ಮೆಟ್ಟಿಲ ಮೇಲೆ ಕುಳಿತು, ಪಕ್ಕದಲ್ಲಿ ನನಗೆ ಜಾಗ ಬಿಟ್ಟರು.

"ಮೊದಲಿಂದ ಇನ್ನೊಂದ್ಸಲ ಹೇಳು," ಎಂದರು.

ನಾನು ಸೈಕಲ್ ಅಂಗಡಿಯಿಂದ ಶುರುಮಾಡಿದೆ. ನಮ್ಮಿಬ್ಬರ ಬೆನ್ನ ಹಿಂದೆ ಬಾಗಿಲು ತೆರೆದೇ ಇತ್ತು.